ನೆಟ್ಟಗೆ ಮಾಡಿಟ್ಟ ಎಲೆ

ಎರಡು ಬೆರಳಿನ ಕೆಲಸ ಅದು. ಮೇಜಿನ ಮೇಲೆ ತಲೆಕೆಳಗಾಗಿ ಬಿದ್ದ ಒಂದು ಎಲೆಯನ್ನು ಹಿಡಿದು ನೆಟ್ಟಗೆ ಮಾಡಿಟ್ಟೆ. ಹಣೆಗೆ ಬಿದ್ದ ಕೂದಲನ್ನು ಹಿಂದೆ ಸರಿಸಿಕೊಳ್ಳುವಷ್ಟೇ ಸಲೀಸಾಗಿ, ಪ್ರತಿ ಭಾನುವಾರ ಹತ್ತಾರು ಸಲ ಮಾಡುತ್ತಿದ್ದೆ. ಆ ಒಂದು ಸಲ ಮಾಡಿದ್ದಕ್ಕೆ ಕಳ್ಳಕವಟಗಿ ಎಂಬ ಹಳ್ಳಿಯ ಒಬ್ಬ ಹೆಂಗಸು ಎದೆಯಲ್ಲಿ ಗಂಟು ಇಟ್ಟುಕೊಂಡು, ಆಪರೇಷನ್ನಿಗೆ ಡಾಕ್ಟರು ಕೊಟ್ಟ ತಾರೀಖನ್ನು ದಾಟಿಸಿ ಮನೆಯಲ್ಲಿ ಕೂತುಬಿಟ್ಟಳು. ಇದನ್ನು ಬರೆಯುವ ಉತ್ಸಾಹವೇನೂ ನನಗಿಲ್ಲ. ಆದರೆ ಟ್ಯಾರೋ ಎಂದರೇನು ಎಂದು ಕೇಳಿದವರಿಗೆಲ್ಲ ಬಾಯಿಂದ ಹೇಳಿ ಹೇಳಿ ಸಾಕಾಗಿದೆ. ಒಮ್ಮೆ ಬರೆದಿಟ್ಟರೆ ಇನ್ನು ಮುಂದೆ ಕೇಳಿದವರ ಕೈಗೆ ಇದನ್ನೇ ಕೊಟ್ಟು ಸುಮ್ಮನಿರಬಹುದು.

ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಡ್ರಾಯಿಂಗ್ ಟೀಚರ್ ಎಂದರೆ ಗಣಿತದವರು ರಜೆ ಹಾಕಿದ ದಿನ ಅವರ ಪೀರಿಯಡ್ಡಿನಲ್ಲಿ ಕೂತು ಮಕ್ಕಳು ಗದ್ದಲ ಮಾಡದಂತೆ ಕಾಯುವವಳು, ಆಗಸ್ಟ್ ಹದಿನೈದಕ್ಕೆ ರಂಗೋಲಿ ಹಾಕುವವಳು, ಸಾಹೇಬರು ಬರುವ ದಿನ ಕರಿಹಲಗೆಯ ಮೇಲೆ ಬಣ್ಣದ ಅಕ್ಷರದಲ್ಲಿ ಸುಸ್ವಾಗತ ಬರೆಯುವವಳು. ಇಪ್ಪತ್ತಾರು ವರ್ಷ ಇದನ್ನೇ ಮಾಡಿದ್ದೇನೆ. ಶಾಲೆಗಳು ಮುಚ್ಚಿದ್ದ ಆ ಎರಡು ಕೆಟ್ಟ ವರ್ಷಗಳಲ್ಲಿ ಮನೆಯಲ್ಲಿ ಕೂತು ಫೋನಿನಲ್ಲಿ ಚಿತ್ರ ನೋಡುತ್ತಿದ್ದಾಗ ಟ್ಯಾರೋ ಎಲೆಗಳು ಕಣ್ಣಿಗೆ ಬಿದ್ದವು. ಇಸ್ಪೀಟಿನ ಹಾಗೆ ಹರಡಿ ಭವಿಷ್ಯ ಹೇಳುವ ಪರದೇಶದ ಎಲೆಗಳು, ಎಪ್ಪತ್ತೆಂಟು ಚಿತ್ರಗಳು. ತರಿಸಿಕೊಂಡೆ. ಭವಿಷ್ಯ ತಿಳಿಯುವ ಹುಚ್ಚೇನೂ ನನಗಿರಲಿಲ್ಲ. ಚಿತ್ರ ಚೆನ್ನಾಗಿದ್ದವು, ಅಷ್ಟೆ.

ದಿನಾ ಬೆಳಿಗ್ಗೆ ಚಹಾದ ಜೊತೆ ಒಂದು ಎಲೆ ತೆಗೆದು ಮುಂದಿಟ್ಟುಕೊಂಡು ನೋಡುತ್ತಿದ್ದೆ. ಒಂದು ದಿನ ಬಂದದ್ದು ಎಂಟು ಕತ್ತಿಗಳ ನಡುವೆ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಮೈಗೆ ಹಗ್ಗ ಸುತ್ತಿಸಿಕೊಂಡು ನಿಂತ ಒಬ್ಬ ಹೆಂಗಸಿನ ಚಿತ್ರ. ಬಹಳ ಹೊತ್ತು ನೋಡಿದ ಮೇಲೆ ಹೊಳೆಯಿತು: ಅವಳ ಕಾಲು ಕಟ್ಟಿಲ್ಲ. ನಡೆದುಕೊಂಡು ಹೋಗಬಹುದು. ಸುಮ್ಮನೆ ನಿಂತಿದ್ದಾಳೆ. ಅಡುಗೆಮನೆಯ ಕಟ್ಟೆಗೆ ಒರಗಿ ಕಾಲು ಗಂಟೆ ಅತ್ತೆ. ಗಂಡ ಪೇಪರ್ ಹಿಡಿದುಕೊಂಡೇ ಬಂದು, "ಏನಾತು? ಯಾರ ಹ್ವಾದ್ರು?" ಎಂದರು. ಆ ಕಾಲದಲ್ಲಿ ಯಾರಾದರೂ ಅತ್ತರೆ ಹಾಗೆಯೇ ಕೇಳಬೇಕಾಗುತ್ತಿತ್ತು. "ಯಾರೂ ಹೋಗಿಲ್ಲ. ನನಗ ಚಿತ್ರಾ ತಗ್ಯಾಕ ಬೆಳಕಿನ ಜಾಗಾ ಬೇಕು. ಪಡಸಾಲಿ ಕಿಡಕಿ ಬೇಕು" ಎಂದೆ. ಇಪ್ಪತ್ತು ವರ್ಷದಿಂದ ಹೇಳಬೇಕೆಂದಿದ್ದ ಮಾತು. ಅವರು ಅಲ್ಲಿದ್ದ ತಮ್ಮ ಹಳೆಯ ಪೇಪರಿನ ರಾಶಿ ಎತ್ತಿ ಆಚೆ ಇಟ್ಟರು. ಒಂದು ಚಿತ್ರ ಇಷ್ಟು ಮಾಡುವುದಾದರೆ ಎಲ್ಲರಿಗೂ ಇದು ಸಿಗಬೇಕು ಎಂದು ನನ್ನ ತಲೆಗೆ ಹತ್ತಿದ್ದು ಅವತ್ತೇ. ಹತ್ತಬಾರದಿತ್ತು.

ಸೊಲ್ಲಾಪುರ ರಸ್ತೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿಯೊಂದರ ಮೇಲೆ ಹೊಲಿಗೆ ಕ್ಲಾಸಿನ ಕೋಣೆ ಇದೆ. ಭಾನುವಾರ ಖಾಲಿ. ಅಲ್ಲಿ ಕೂರಲು ಶುರು ಮಾಡಿದೆ. ಕೆಳಗೆ ಸುತ್ತಿಗೆಯ ಸದ್ದು, ತಾಮ್ರದ ತಂತಿಗೆ ಹಚ್ಚುವ ವಾರ್ನಿಶಿನ ವಾಸನೆ, ಮೇಲೆ ನಾನು ಮತ್ತು ನನ್ನ ಎಲೆಗಳು. ಮೊದಲ ವಾರವೇ ಹೆಡ್‌ಮಾಸ್ಟರು ಕರೆಸಿ, "ಟೀಚರ್ರ, ನೀವು ಇಸ್ಪೀಟ್ ಕ್ಲಬ್ ತಗದೀರಿ ಅಂತ ಸುದ್ದಿ ಬಂದೈತ್ರಿ" ಎಂದರು. ಇಸ್ಪೀಟಲ್ಲ ಎಂದು ಅರ್ಧ ಗಂಟೆ ವಿವರಿಸಿದೆ. ಮನೆಯ ಪಕ್ಕದವರು ನಾನು ಹೊರಬೀಳುವ ಹೊತ್ತಿಗೆ ಮಕ್ಕಳನ್ನು ಒಳಗೆ ಕರೆದುಕೊಳ್ಳತೊಡಗಿದರು. ಮಾಟವಲ್ಲ ಎಂದು ಅವರಿಗೆ ಹೋಳಿಗೆ ಕೊಡುವ ನೆಪದಲ್ಲಿ ಹೋಗಿ ವಿವರಿಸಿದೆ. ಕೋಣೆಗೆ ಬಂದ ನಾಲ್ಕು ಜನ ಹೆದರಿದವರೇನಲ್ಲ, ಆದರೆ ಅವರಿಗೆ ಬೇಕಾಗಿದ್ದು ಮಗನ ರಿಸಲ್ಟು, ಮಳೆಯ ದಿನ, ಕಳೆದುಹೋದ ಉಂಗುರ. ಇದು ಭವಿಷ್ಯವಲ್ಲ, ಚಿತ್ರ ನೋಡುತ್ತ ನಿಮ್ಮ ಮನಸ್ಸಿನಲ್ಲಿದ್ದದ್ದನ್ನು ನೀವೇ ಹೇಳಿಕೊಳ್ಳುವ ಒಂದು ರೀತಿ ಎಂದರೆ, "ಮನಸಿನಾಗ ಏನೈತಿ ಅಂತ ನನಗ ಗೊತ್ತ ಐತೆಲ್ರಿ, ಅದಕ್ಕ ಇಲ್ಲೀತನಾ ಯಾಕ ಬರಬೇಕು?" ಎಂದು ಎದ್ದು ಹೋದರು. ಅವರು ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ.

ಬಬಲೇಶ್ವರದಲ್ಲಿ ಹೆಂಗಸರ ಸಂಘವೊಂದು ಕರೆಸಿತ್ತು. ನಾನು ಬಸ್ಸಿಳಿಯುವಷ್ಟರಲ್ಲಿ ಯಾರೋ ಮೈಕಿನಲ್ಲಿ, "ಕಾರ್ಡ್ ನೋಡೋ ಅಕ್ಕೋರು ಬಿಜಾಪುರದಿಂದ ಬಂದಾರ, ಲಗೂನ ಬರ್ರಿ" ಎಂದು ಕೂಗಿಬಿಟ್ಟಿದ್ದರು. ಅಕ್ಕೋರು ಎಂದರೆ ನಮ್ಮ ಕಡೆ ಟೀಚರ್. ಹೋಗಿ ನೋಡಿದರೆ ಹೆಂಗಸರೆಲ್ಲ ಆಧಾರ್ ಕಾರ್ಡು, ರೇಷನ್ ಕಾರ್ಡು ಹಿಡಿದು ಸಾಲಾಗಿ ಕೂತಿದ್ದಾರೆ. ಒಬ್ಬಾಕೆ ತನ್ನ ಕಾರ್ಡಿನಲ್ಲಿ ಸೊಸೆಯ ಹೆಸರು ಸೇರಿಸದೆ ನನ್ನನ್ನು ಬಿಡುವುದಿಲ್ಲ ಎಂದು ಕೈ ಹಿಡಿದುಕೊಂಡಳು. ಅದೂ ಮುಗಿದು ಕೊನೆಗೆ ಹತ್ತು ಜನ ಉಳಿದರು. ಎಲೆ ಹರಡಿದೆ. ಮೊದಲು ಬಂದದ್ದೇ ಬಿಳಿ ಕುದುರೆಯ ಮೇಲೆ ಕೂತ ಎಲುಬಿನ ಗೂಡು.

"ಯವ್ವಾ, ಇದೇನ ಬೇ ಇದು, ಹೆಣಾ ಕುದರಿ ಹತ್ತೈತಿ!" ಎಂದು ಒಬ್ಬ ಮುದುಕಿ ಹಿಂದೆ ಸರಿದಳು.

"ಸಾವು ಅಂದ್ರ ಸಾವಲ್ಲರಿ. ಹಳೇದು ಮುಗದು ಹೊಸಾದು ಸುರು ಆಗೂದು" ಎಂದೆ.

"ಹೊಸಾದು ಸುರು ಆಗಾಕ ಹೆಣಾ ಯಾಕ ಬೇಕ್ರಿ ಅಕ್ಕೋರ?" ಎಂದು ಕೇಳಿ, ಮಗಳ ಕೈ ಹಿಡಿದುಕೊಂಡು ಎದ್ದು ನಡೆದಳು. ಅವಳ ಹಿಂದೆ ಉಳಿದವರೂ ಹೋದರು. ಖಾಲಿ ಚಾಪೆಯ ಮೇಲೆ ನಾನೊಬ್ಬಳೇ ಕೂತು ಅವರು ಕೊಟ್ಟ ಚಹಾ ಕುಡಿದೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ಮುದುಕಿ ಹೇಳಿದ್ದು ಖರೆ. ಕುದುರೆ, ಕತ್ತಿ, ಕಿರೀಟ, ಬಿಳಿ ಮುಖದ ರಾಣಿಯರು, ಇವುಗಳಿಗೂ ಆ ಹೆಂಗಸರಿಗೂ ಏನು ಸಂಬಂಧ? ನಾನು ಡ್ರಾಯಿಂಗ್ ಟೀಚರ್ ಆಗಿ ಇದ್ದದ್ದಾದರೂ ಯಾಕೆ? ಬೇಸಿಗೆ ರಜೆಯಷ್ಟೂ ಪಡಸಾಲೆಯ ಕಿಟಕಿಯ ಬಳಿ ಕೂತು ಎಲೆಗಳನ್ನು ನಮ್ಮ ಕಡೆಯ ಚಿತ್ರಗಳಾಗಿ ಬರೆದೆ. ಸಿಂಹದ ಬಾಯಿ ಹಿಡಿದವಳು ಎಮ್ಮೆಯ ಕೋಡು ಹಿಡಿದವಳಾದಳು. ಕಂದೀಲು ಹಿಡಿದ ಸನ್ಯಾಸಿಗೆ ಕಂಬಳಿ ಹೊದಿಸಿ ಕೈಗೆ ಬ್ಯಾಟರಿ ಕೊಟ್ಟು ಕುರಿ ಕಾಯಲು ಕಳಿಸಿದೆ. ಸಿಡಿಲು ಬಡಿದ ಗೋಪುರವನ್ನು ನೀರಿನ ಟಾಕಿ ಮಾಡಿದೆ, ಈ ಊರಿನಲ್ಲಿ ಗೋಪುರ ಬರೆದರೆ ಯಾವ ಗುಮ್ಮಟ ಎಂದು ಜಗಳವಾಗುತ್ತದೆ. ಕುದುರೆ ಹತ್ತಿದ ಹೆಣದ ಜಾಗದಲ್ಲಿ ಬರೆದದ್ದು ದ್ರಾಕ್ಷಿಯ ಚಾಟ್ನಿ. ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ, ಅದಕ್ಕೆ ಚಾಟ್ನಿ ಎನ್ನುತ್ತಾರೆ. ಬೋಳು ಬಳ್ಳಿ, ಕೆಳಗೆ ಬಿದ್ದ ಹಸಿರು ಕಡ್ಡಿ, ಕತ್ತರಿ ಹಿಡಿದ ಒಂದು ಕೈ. ಎಲ್ಲಕ್ಕಿಂತ ಚೆನ್ನಾಗಿ ಮೂಡಿದ ಎಲೆ ಅದೇ. ಝೆರಾಕ್ಸ್ ಅಂಗಡಿಯಲ್ಲಿ ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಸಿಕೊಂಡು ಬಂದೆ. ಗಂಡ ಎಲ್ಲ ನೋಡಿ, "ಇಷ್ಟ ದಿನಾ ಸಾಲ್ಯಾಗ ಬರೇ ಸುಸ್ವಾಗತ ಬರದು ಕೆಡಿಸ್ಯಾರ ನಿನ್ನ" ಎಂದರು. ಅವರ ಬಾಯಿಂದ ಬಂದ ಹೊಗಳಿಕೆಗಳಲ್ಲಿ ಇದು ದೊಡ್ಡದು.

ಇನ್ನೊಂದು ಸುಧಾರಣೆಯನ್ನೂ ಮಾಡಿದೆ. ಎಲೆ ತಲೆಕೆಳಗಾಗಿ ಬಂದರೆ ಬೇರೆ ಅರ್ಥ ಎಂದು ಪುಸ್ತಕಗಳು ಹೇಳುತ್ತವೆ. ಅದನ್ನು ಹೇಳಹೊರಟರೆ ಜನ ಗಾಬರಿಯಾಗುತ್ತಾರೆ, ಲೆಕ್ಕ ತಪ್ಪುತ್ತದೆ, ಮಾತು ನಿಲ್ಲುತ್ತದೆ. ಆದ್ದರಿಂದ ತಲೆಕೆಳಗು ಎಂಬುದನ್ನೇ ತೆಗೆದುಹಾಕಿದೆ. ಹಾಗೆ ಬಿದ್ದರೆ ನೆಟ್ಟಗೆ ಮಾಡಿಡುವುದು, ಮುಂದೆ ಹೋಗುವುದು. ಜನರಿಗೆ ಸುಲಭ ಮಾಡುವುದೇ ಆಗ ನನ್ನ ಗೀಳು.

ಈ ಸಲ ಜನ ಬಂದರು. ತಿಕೋಟಾದಲ್ಲಿ ಸಂತೆಯ ದಿನ ಒಂದು ಸಮುದಾಯ ಭವನದಲ್ಲಿ ಕೂತೆ. ಎಮ್ಮೆ ಹಿಡಿದವಳನ್ನು ನೋಡಿ ಹೆಂಗಸರು ನಕ್ಕರು, ನಕ್ಕ ಮೇಲೆ ಮಾತಾಡಿದರು. ಗಂಡ ಕುಡಿಯುವುದು, ತವರಿಗೆ ಹೋಗಿ ಆರು ವರ್ಷವಾದದ್ದು, ಕಲಿಯಬೇಕೆಂದಿದ್ದು ಕಲಿಯದೆ ಉಳಿದದ್ದು. ಕೇಳಿ ಕೇಳಿ ನನಗೆ ಸಂಜೆ ಊಟ ಸೇರುತ್ತಿರಲಿಲ್ಲ. ಶಾಲೆಯಲ್ಲಿ ನನ್ನನ್ನು ಗೇಲಿ ಮಾಡುತ್ತಿದ್ದ ವಿಜ್ಞಾನದ ಟೀಚರೂ ಒಂದು ಭಾನುವಾರ ಸೆರಗು ಮುಖಕ್ಕೆ ಎಳೆದುಕೊಂಡು ಮೆಟ್ಟಿಲು ಹತ್ತಿ ಬಂದರು. ನಾನು ಗೆದ್ದೆ ಎಂದುಕೊಂಡೆ. ಆದರೆ ಒಂದು ಮಾತು ಆಗಲೇ ನನ್ನ ಕಿವಿಗೆ ಬಿದ್ದಿತ್ತು, ನಾನು ಗಮನಿಸಲಿಲ್ಲ. ಜನ ಎಲೆ ನೋಡಿಸೋದು ಎನ್ನುತ್ತಿರಲಿಲ್ಲ. ಎಲಿ ಕೇಳೋದು ಎನ್ನುತ್ತಿದ್ದರು.

ನಮ್ಮ ಕಡೆ ಕೇಳುವುದು ಹೂವನ್ನು. ಸಂಬಂಧ ಮಾಡಬೇಕೋ ಬೇಡವೋ, ಬಾವಿ ತೋಡಬೇಕೋ ಬೇಡವೋ, ದೇವರ ಎಡಕ್ಕೊಂದು ಬಲಕ್ಕೊಂದು ಎಸಳನ್ನು ನೀರಿನಲ್ಲಿ ಅದ್ದಿ ಅಂಟಿಸಿ ಕಾಯುತ್ತಾರೆ. ಬಲದ ಎಸಳು ಮೊದಲು ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಬೇಡ. ನನ್ನ ಮದುವೆಯೂ ಹಾಗೆಯೇ ಗೊತ್ತಾದದ್ದು. ಇಷ್ಟು ಗೊತ್ತಿದ್ದ ನನಗೆ, ನೆಟ್ಟಗೆ ಬಿದ್ದ ಎಲೆ ಅವರಿಗೆ ಬಲ, ತಲೆಕೆಳಗೆ ಬಿದ್ದದ್ದು ಎಡ ಎಂದು ಹೊಳೆಯಲೇ ಇಲ್ಲ. ಪರದೇಶದವಳಾಗಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ನಾನು ಇಲ್ಲೇ ಹುಟ್ಟಿದವಳು.

ಫೆಬ್ರುವರಿ ಕೊನೆಯ ಒಂದು ಭಾನುವಾರ ಕಳ್ಳಕವಟಗಿಯ ಆ ಹೆಂಗಸು ಸೊಸೆಯ ಜೊತೆ ಬಂದಳು. ಐವತ್ತೈದರ ಆಸುಪಾಸು, ಗಟ್ಟಿ ಆಳು, ಮಣೂಕ ಆರಿಸುವ ಶೆಡ್ಡಿನಲ್ಲಿ ಕೆಲಸ. ಒಣದ್ರಾಕ್ಷಿಯ ಅಂಟು ಉಗುರಿನ ಸಂದಿಯಲ್ಲಿ ಕಪ್ಪಾಗಿ ಕೂತಿತ್ತು. ಹಿಂದಿನ ದಿನ ದವಾಖಾನೆಗೆ ತೋರಿಸಿ, ಇಲ್ಲೇ ವಿಜಯಪುರದ ಸಂಬಂಧಿಕರ ಮನೆಯಲ್ಲಿ ಉಳಿದು ಬಂದಿದ್ದರು. ಕಂಕುಳಲ್ಲಿ ಸ್ಕ್ಯಾನಿನ ದೊಡ್ಡ ಕವರು. ಎಡ ಎದೆಯಲ್ಲಿ ಗಂಟು, ಕ್ಯಾನ್ಸರ್ ಹೌದು ಎಂದು ಗೊತ್ತಾಗಿದೆ, ಇನ್ನೂ ಸಣ್ಣದಿದೆ, ಎರಡು ವಾರದಲ್ಲಿ ತೆಗೆಸಿದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದಾರೆ. ಇಷ್ಟನ್ನೂ ಸೊಸೆ ಹೇಳಿದಳು. ಆಕೆ ಒಂದೇ ಮಾತು ಕೇಳಿದಳು: "ತಗಸ್ಲ್ಯೋ, ಬ್ಯಾಡೋ?"

"ಇದನ್ನ ಎಲಿ ಹೇಳಂಗಿಲ್ಲರಿ. ಡಾಕ್ಟರು ಹೇಳ್ಯಾರಲ್ಲ, ಅದ ಖರೆ. ನಿಮಗ ಅಂಜಿಕಿ ಏನೈತಿ ಅದನ್ನಷ್ಟ ಮಾತಾಡೂಣು" ಎಂದೆ.

ಆವತ್ತು ಆಕೆ ಒಂಬತ್ತನೆಯವಳು. ಬೆಳಗಿನಿಂದ ನೀರೂ ಸರಿಯಾಗಿ ಕುಡಿದಿರಲಿಲ್ಲ, ಗಂಟಲು ಒಣಗಿತ್ತು. ಮೂರು ಎಲೆ ತೆಗೆಯಲು ಹೇಳಿದೆ. ಎರಡು ಯಾವುವು ಎಂದು ಈಗ ನೆನಪಿಲ್ಲ. ಮೂರನೆಯದು ಚಾಟ್ನಿ. ತಲೆಕೆಳಗಾಗಿ ಬಿತ್ತು. ಎರಡು ಬೆರಳಿನಿಂದ ನೆಟ್ಟಗೆ ಮಾಡಿಟ್ಟು, ಸುಸ್ತಿನಲ್ಲೂ ಖುಷಿಯಾಗಿ, "ನೋಡ್ರಿ, ಇದನ್ನ ನಿಮಗ ನಾ ಹೇಳಿಕೊಡಬೇಕೇನ್ರಿ? ಕಡದ ಮ್ಯಾಲೆ ಅಲ್ಲೇನ್ರಿ ಚಿಗರೂದು?" ಎಂದೆ. ಆಕೆ ಚಿತ್ರವನ್ನೇ ನೋಡುತ್ತಿದ್ದಳು. ಆಮೇಲೆ ತುಸು ಅತ್ತಳು. ಆಸ್ಪತ್ರೆಯಲ್ಲಿ ಪರಗಂಡಸರ ಮುಂದೆ ರವಿಕೆ ಬಿಚ್ಚುವ ನಾಚಿಕೆಯ ಬಗ್ಗೆ ಹೇಳಿದಳು. ಹೋಗುವಾಗ ನನ್ನ ಕೈ ಹಿಡಿದು, "ನಿಮ್ಮ ಮನಸ ಭಾಳ ಚಲೋ ಐತ್ರಿ ಅಕ್ಕೋರ" ಎಂದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಮನೆಗೆ ಹೋಗಿ ಮಲಗಿದೆ.

ಒಂದು ತಿಂಗಳ ಮೇಲೆ ಶಾಲೆಯಲ್ಲಿದ್ದಾಗ ಸೊಸೆಯ ಫೋನು ಬಂತು.

"ಅಕ್ಕೋರ, ನಮ್ಮತ್ತಿ ದವಾಖಾನಿಗೆ ಹೋಗಿಲ್ರಿ. ಒಲ್ಲೆ ಅಂತ ಕುಂತಾಳ. ತಾರೀಖು ದಾಟಿ ಭಾಳ ದಿನಾ ಆತ್ರಿ."

"ಯಾಕ? ಅವತ್ತ ಒಪ್ಪಿದ್ರಲ್ಲ?"

"ಎಲಿ ಎಡಕ್ಕ ಬಿದ್ದೈತಿ ಅಂತಾಳ್ರಿ. ಬೇರು ಮ್ಯಾಲ, ಬಳ್ಳಿ ತೆಳಗ ಆಗಿತ್ತಂತ. ನೀವು ಆಕಿ ಮನಸ ನೋಯಬಾರದಂತ ಗಡಿಬಿಡಿಲೆ ತಿರುವಿ ಇಟ್ರೆಂತ. ಅಕ್ಕೋರ ಮುಚ್ಚಿಟ್ರ ಏನಾತು, ನಾ ಕಣ್ಣಲೆ ನೋಡೀನಿ ಅಂತಾಳ್ರಿ. ಚಾಕು ಹಾಕಿದ್ರ ಸಾಯ್ತೀನಿ ಅಂತ ಗಟ್ಟಿ ಮಾಡ್ಕೊಂಡಾಳ."

ಸ್ಟಾಫ್ ರೂಮಿನ ಬೆಂಚಿನ ಮೇಲೆ ಕೂತುಬಿಟ್ಟೆ. ಕೈಯಲ್ಲಿದ್ದ ಬಣ್ಣದ ಸೀಮೆಸುಣ್ಣ ಪುಡಿಯಾಗಿತ್ತು. ಹೆದರಿಸಬಾರದು ಎಂದು ಹೆಣವನ್ನು ಅಳಿಸಿ ಬಳ್ಳಿ ಬರೆದವಳು ನಾನು. ಗೊಂದಲವಾಗಬಾರದು ಎಂದು ಎಲೆ ತಿರುಗಿಸಿದವಳು ನಾನು. ಈಗ ಅದೇ ಎಲೆ ಒಬ್ಬಳನ್ನು ಮನೆಯಲ್ಲಿ ಕೂರಿಸಿ ಸಾಯಿಸಲು ಹೊರಟಿದೆ. ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಆವರೆಗೆ ಯಾರ ಮೇಲೂ ಬಂದಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಎಪ್ಪತ್ತೆಂಟು ಎಲೆಗಳನ್ನೂ ಹರಡಿ, ಒಂದೊಂದನ್ನೇ ನೋಡಿ, ಎಲ್ಲವನ್ನೂ ನೆಟ್ಟಗೆ ಜೋಡಿಸಿದೆ. ಚಾಟ್ನಿಯನ್ನು ಎಲ್ಲಕ್ಕಿಂತ ಮೇಲಿಟ್ಟೆ. ಅದರ ಕೆಳಗೆ ಎಮ್ಮೆ ಹಿಡಿದವಳು, ನಳದ ಕೆಳಗೆ ಕೊಡ ಇಟ್ಟವಳು, ಸೂರ್ಯ, ಫಲ ತುಂಬಿದ ತೋಟ. ಗಂಡ ಬಾಗಿಲಲ್ಲಿ ನಿಂತು ನೋಡಿದರು. "ಎಲಿ ಕೂಡಸಾಕತ್ತಿ ಏನ? ಇದಕ್ಕಿಂತ ಇಸ್ಪೀಟ್ ಕ್ಲಬ್ ಚಲೋ ಇತ್ತಲ್ಲ" ಎಂದರು. ನಾನು ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿದೆ. ಅವರು ನನ್ನ ಚೀಲಕ್ಕೆ ನೀರಿನ ಬಾಟಲಿ ಹಾಕಿದರು.

ತಿಕೋಟಾದವರೆಗೆ ಬಸ್ಸು, ಅಲ್ಲಿಂದ ಟಂಟಂ ಆಟೊ. ಏಪ್ರಿಲ್ ಶುರುವಾಗಿತ್ತು. ರಸ್ತೆಯ ಎರಡೂ ಕಡೆ ದ್ರಾಕ್ಷಿ ತೋಟಗಳಲ್ಲಿ ಚಾಟ್ನಿ ಮುಗಿದಿತ್ತು. ತಂತಿಗೆ ಕಟ್ಟಿದ ಬೋಳು ಬಳ್ಳಿಗಳು, ಬದುವಿನ ಮೇಲೆ ಒಣಗಿದ ಕಡ್ಡಿಗಳ ರಾಶಿ. ನನ್ನ ಚಿತ್ರ ಎಷ್ಟು ಸರಿಯಾಗಿದೆ ಎಂದು ಹಿಂದೆಯಾದರೆ ಹೆಮ್ಮೆಪಡುತ್ತಿದ್ದೆ. ಅವತ್ತು ಸುಮ್ಮನೆ ಕಣ್ಣು ಮುಚ್ಚಿಕೊಂಡೆ. ಪಕ್ಕದಲ್ಲಿದ್ದವಳ ಮೇಕೆಮರಿ ನನ್ನ ಸೆರಗಿನ ತುದಿ ತಿಂದದ್ದು ಇಳಿದ ಮೇಲೆ ಗೊತ್ತಾಯಿತು.

ಆಕೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನನ್ನನ್ನು ನೋಡಿ ಗಾಬರಿಯಾಗಿ ಎದ್ದಳು, ಕಾಲಿಗೆ ನೀರು ಕೊಟ್ಟಳು. ಮೊದಲು ನಾನು ಖರೆ ಹೇಳಲು ನೋಡಿದೆ. ಎಲೆ ಹೇಗೆ ಬೀಳುತ್ತದೆ ಎಂಬುದು ಕಲಸಿದವರ ಕೈಯಲ್ಲಿದೆ, ಅದಕ್ಕೂ ನಿಮ್ಮ ಆಯುಷ್ಯಕ್ಕೂ ಸಂಬಂಧವಿಲ್ಲ, ನಾನು ಎಲ್ಲರ ಎಲೆಯನ್ನೂ ಹಾಗೆಯೇ ತಿರುಗಿಸುತ್ತೇನೆ. ಒಂದು ಗಂಟೆ ಹೇಳಿದೆ. ಆಕೆ ಎಲ್ಲ ಕೇಳಿ, "ಸಂಬಂಧ ಇಲ್ಲಂದ್ರ ಮತ್ಯಾಕ ತಿರುವಿ ಇಟ್ರಿ? ಹಂಗ ಬಿಡಬೇಕಾಗಿತ್ತಲ್ರಿ" ಎಂದಳು.

ಅಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ಬಂದು ಕೂತಿದ್ದರು. ನಾನು ಚೀಲದಿಂದ ಎಲೆ ತೆಗೆದೆ. "ನಡೀರಿ, ದೇವರ ಮುಂದ ಇನ್ನೊಮ್ಮೆ ಕೇಳೂಣು" ಎಂದೆ. ಸೊಸೆ ದೀಪ ಹಚ್ಚಿದಳು. ದೇವರ ಜಗುಲಿಯ ಮುಂದೆ ಎಲೆಯ ಕಟ್ಟಿಟ್ಟು, ಅರಿಶಿನ ಕುಂಕುಮ ಹಚ್ಚಿದೆ. ನಾಲ್ಕು ವರ್ಷದಿಂದ ಇದು ಮಾಟವಲ್ಲ, ಶಾಸ್ತ್ರವಲ್ಲ, ದೇವರ ಅಪ್ಪಣೆಯಲ್ಲ ಎಂದು ಗಂಟಲು ಹರಿದುಕೊಂಡ ಅದೇ ನಾನು. ಕಟ್ಟನ್ನು ಕೈಯಲ್ಲಿ ಹಿಡಿದು ಕಲಸಿದ ಹಾಗೆ ಮಾಡಿದೆ, ಕಲಸಲಿಲ್ಲ. ಕೈ ನಡುಗಿದ್ದು ನನಗೇ ಕಾಣಿಸುತ್ತಿತ್ತು. ಮೇಲಿನಿಂದ ಒಂದೊಂದಾಗಿ ಐದು ಎಲೆ ತೆಗೆಯಲು ಹೇಳಿದೆ. ಐದೂ ನೆಟ್ಟಗೆ ಬಿದ್ದವು.

"ಬಲಕ್ಕ ಬಿತ್ತು!" ಎಂದು ನೆರೆಯವಳೊಬ್ಬಳು ಕೂಗಿದಳು.

"ಬಲಾ ಕೊಟ್ಟೈತಿ. ನಾಳೆನ ಹೋಗ್ರಿ. ಇದು ಅಪ್ಪಣಿ" ಎಂದೆ ನಾನು, ಎಲ್ಲರಿಗೂ ಕೇಳುವ ಹಾಗೆ. ಆಕೆ ಎಲೆಗಳನ್ನೂ ನನ್ನ ಮುಖವನ್ನೂ ಒಂದಾದ ಮೇಲೆ ಒಂದು ನೋಡಿದಳು. ಆಮೇಲೆ ಎದ್ದು, ಸೊಸೆಗೆ ಬಟ್ಟೆ ಕಟ್ಟಲು ಹೇಳಿದಳು. ಊಟ ಮಾಡಿ ಹೋಗಿ ಎಂದರು. ಬಸ್ಸಿನ ನೆಪ ಹೇಳಿ ಎದ್ದೆ.

ಆಪರೇಷನ್ ಆಯಿತು. ಗಂಟು ಸ್ವಲ್ಪ ದೊಡ್ಡದಾಗಿತ್ತು, ಆದರೂ ಕೈ ಮೀರಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಸೊಸೆ ಫೋನು ಮಾಡಿ ಅತ್ತಾಗ ನಾನೂ ಅತ್ತೆ. ನನ್ನ ಸಂತೋಷ ಅಲ್ಲಿಗೇ ಮುಗಿಯಿತು. ಏಕೆಂದರೆ ಸುದ್ದಿ ಕಳ್ಳಕವಟಗಿ ದಾಟಿ, ತಿಕೋಟಾ ದಾಟಿ, ಇತ್ತ ಅರಕೇರಿಯವರೆಗೆ ಹಬ್ಬಿತು. ಅಕ್ಕೋರ ಎಲೆ ಬಲ ಕೊಟ್ಟರೆ ಕ್ಯಾನ್ಸರೂ ಹೋಗುತ್ತದಂತೆ. ಸೊಲ್ಲಾಪುರ ರಸ್ತೆಯ ಆ ಮೆಟ್ಟಿಲಿನ ಮೇಲೆ ಭಾನುವಾರ ಬೆಳಿಗ್ಗೆಯೇ ಸಾಲು ನಿಲ್ಲತೊಡಗಿತು. ತೆಂಗಿನಕಾಯಿ, ಊದಿನಕಡ್ಡಿ, ಹೂವಿನ ಹಾರ. ಕೆಳಗಿನ ರಿವೈಂಡಿಂಗ್ ಅಂಗಡಿಯವನು ತನ್ನ ಹೊಸ ಮಷೀನನ್ನು ಮೊದಲು ನನ್ನಿಂದ ಮುಟ್ಟಿಸಿಕೊಂಡ. ಹೆಡ್‌ಮಾಸ್ಟರು ಕುರ್ಚಿಯಿಂದ ಎದ್ದು ನಿಂತು ಮಾತಾಡಿಸತೊಡಗಿದರು. ನನ್ನನ್ನು ಕಂಡು ಮಕ್ಕಳನ್ನು ಒಳಗೆ ಕರೆಯುತ್ತಿದ್ದ ಪಕ್ಕದವರು ಈಗ ಅವನ್ನು ತಂದು ನನ್ನ ಕಾಲಿಗೆ ಬೀಳಿಸಿದರು. ಯಾರಿಗೂ ಈಗ ಅನುಮಾನವಿಲ್ಲ, ಹೆದರಿಕೆಯಿಲ್ಲ, ಗೇಲಿಯಿಲ್ಲ. ಟ್ಯಾರೋವನ್ನು ಜನ ಒಪ್ಪಬೇಕು ಎಂದು ಬೇಡಿಕೊಂಡಿದ್ದೆನಲ್ಲ, ಒಪ್ಪಿದ್ದರು. ಬಂದವರು ಕೇಳುವುದು ಒಂದೇ: ಎಡವೋ, ಬಲವೋ? ಇದು ಅಪ್ಪಣೆಯಲ್ಲ ಎಂದು ನಾನು ಹೇಳಿದರೆ, ದೊಡ್ಡವರು ಹಾಗೆಯೇ ಹೇಳುತ್ತಾರೆ ಎಂದು ಇನ್ನಷ್ಟು ಬಾಗಿ ಕೈ ಮುಗಿಯುತ್ತಿದ್ದರು. ನಿಲ್ಲಿಸಿಬಿಡೋಣ ಎಂದುಕೊಂಡೆ. ನಿಲ್ಲಿಸಿದರೆ ಮುಂದಿನವಳು ಯಾವ ಗಂಟನ್ನು ಯಾರ ಹತ್ತಿರ ಕೇಳುತ್ತಾಳೋ ಎಂಬ ಭಯಕ್ಕೆ ಹೋಗಿ ಕೂರುತ್ತಿದ್ದೆ. ಭಾನುವಾರ ಬಂತೆಂದರೆ ತಲೆಶೂಲೆ ಏಳುತ್ತಿತ್ತು.

ಎರಡನೆಯ ಚಾಟ್ನಿ ಮುಗಿಯುವ ಕಾಲಕ್ಕೆ, ಅಕ್ಟೋಬರ್ ಕೊನೆಗೆ, ಕಳ್ಳಕವಟಗಿಯ ಆಕೆ ಬಂದಳು. ಔಷಧಿಗೆ ಕೂದಲು ಹೋಗಿತ್ತು, ಸೆರಗು ತಲೆಯ ಮೇಲೆ ಬಿಗಿಯಾಗಿತ್ತು, ಮುಖ ಇಳಿದಿತ್ತು. ಕಣ್ಣು ಮಾತ್ರ ಹಿಂದಿನ ಹಾಗೇ. ಡಬ್ಬಿಯಲ್ಲಿ ಮಣೂಕ ತಂದಿದ್ದಳು. ಸಾಲಿನಲ್ಲಿದ್ದವರು ಆಕೆ ಯಾರೆಂದು ತಿಳಿದು ದಾರಿ ಬಿಟ್ಟರು. ನಾನು ಬಾಗಿಲು ಮುಚ್ಚಿಕೊಂಡೆ. ಯಾರ ಹತ್ತಿರವಾದರೂ ಹೇಳಬೇಕಾಗಿತ್ತು, ಆಕೆಗೇ ಹೇಳಿದೆ.

"ಅವತ್ತ ನಿಮ್ಮ ಮನ್ಯಾಗ ನಾ ಎಲಿ ಕಲಸಿರಲಿಲ್ಲರಿ. ಮನ್ಯಾಗ ಕೂಡಿಸ್ಕೊಂಡ ಬಂದಿದ್ನಿ. ಮೋಸಾ ಮಾಡೀನಿ."

ಆಕೆ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು, ತಲೆ ಎತ್ತಲಿಲ್ಲ. "ಗೊತ್ತಿತ್ತರಿ" ಎಂದಳು.

ನಾನು ಕುರ್ಚಿಯನ್ನು ಆಕೆಯ ಹತ್ತಿರ ಎಳೆದುಕೊಂಡೆ.

"ಐದಕ್ಕ ಐದೂ ಬಲಕ್ಕ ಬೀಳತಾವೇನ್ರಿ ಎಲ್ಲೆರ? ಹೂ ನಾನೂ ಹಚ್ಚೀನಿ. ನಮ್ಮ ಸೊಸಿ ಅದಾಳಲ್ಲ, ಆ ಹುಡುಗಿನ್ನ ತರಬೇಕಂತ ನನಗ ಮನಸಿತ್ತು, ಮನ್ಯಾಗ ಒಬ್ರೂ ಒಪ್ಪಲಿಲ್ಲ. ದೇವ್ರನ್ನ ಕೇಳೂಣು ಅಂದ್ನಿ. ಎಡಗಡೆ ಎಸಳಿಗಿ ನೀರ ಹಚ್ಚಿ ಗಟ್ಟಿ ಒತ್ತಿದ್ನಿ, ಬಲಗಡೆದು ಸುಮ್ನ ತಾಗಿಸಿದ್ನಿ. ಬಲಕ್ಕ ಬಿತ್ತು. ಬೀಳದ ಎಲ್ಲಿ ಹೋಗತೈತ್ರಿ? ಅವತ್ತ ನಿಮ್ಮ ಕೈ ನಡಗೂದು ನೋಡಿದ ಕೂಡ್ಲೆ ತಿಳೀತು, ಇವರೂ ಹೂವಿಗಿ ನೀರ ಕಮ್ಮಿ ಹಚ್ಯಾರಂತ."

"ಮತ್ತ ಗೊತ್ತಿದ್ದೂ ಯಾಕ ಹೋದ್ರಿ?"

ಆಕೆ ಬೊಗಸೆಯಷ್ಟು ಮಣೂಕ ನನ್ನ ಕೈಗೆ ಸುರಿದಳು. "ಮಂದೀ ಸಲುವಾಗಿ ಹೂ ಸಡ್ಲ ಮಾಡಿದಾಕಿ ನಾನು. ನನ್ನ ಸಲುವಾಗಿ ಮಾಡೋರು ಯಾರಿದ್ರರಿ? ನೀವು ಸಾಲಿ ಅಕ್ಕೋರು, ಬಿಸಲಾಗ ಬಸ್ ಹತ್ತಿ, ಸೆರಗ ಆಡಿನ ಬಾಯಾಗ ಕೊಟ್ಟು, ಸುಳ್ಳ ಹೇಳಾಕ ಅಷ್ಟ ದೂರ ಬಂದ್ರಿ. ಈಕಿಗಿ ನಾ ಬದಕೂದು ಬೇಕಾಗೈತಿ ಅನಿಸ್ತು. ಎಲಿ ಬಿಡ್ರಿ, ಅದಕ್ಕ ಹೋದ್ನಿ."

ನಾಲ್ಕು ವರ್ಷ ನಾನು ಊರೂರಿಗೆ ಹೋಗಿ ವಿವರಿಸಲು ಒದ್ದಾಡಿದ್ದನ್ನು ಈಕೆ ಎಲೆಯೇ ಇಲ್ಲದೆ ಹೇಳಿ ಮುಗಿಸಿದ್ದಳು. ಹೊರಗೆ ಬಾಗಿಲು ತಟ್ಟಿದರು. ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಆಕೆ ಮೂಲೆಯ ಹೊಲಿಗೆ ಮಷೀನಿನ ಸ್ಟೂಲಿನ ಮೇಲೆ ಕೂತಳು.

ಒಳಗೆ ಬಂದದ್ದು ಅರಕೇರಿಯ ಒಬ್ಬ ಹೆಂಗಸು, ಕೈಯಲ್ಲಿ ಕಾಯಿ. ಕೂರುವುದಕ್ಕೂ ಮೊದಲೇ ಒಂದು ಎಲೆ ಎಳೆದು ಮೇಜಿನ ಮೇಲಿಟ್ಟಳು. ತಲೆಕೆಳಗು. ನನ್ನ ಎರಡು ಬೆರಳು ತಾವಾಗಿಯೇ ಅದರ ಕಡೆ ಹೋದವು. ಎಳೆದುಕೊಂಡೆ.

"ಎಡಕ್ಕ ಬಿತ್ತೇನ್ರಿ ಅಕ್ಕೋರ?" ಎಂದು ಆಕೆ ಬೆಳ್ಳಗಾದಳು.

"ಬಿದ್ದೈತಿ. ಬೀಳಲಿ ಬಿಡ್ರಿ, ಅದು ಹೂವಲ್ಲ. ಕಾಯಿ ತೆಳಗ ಇಡ್ರಿ, ನೀರ ಕುಡೀರಿ. ಯಾಕ ಬಂದೀರಿ, ಮದಲ ಅದನ್ನ ಹೇಳ್ರಿ" ಎಂದೆ. ಆಕೆ ಎಲೆಯನ್ನೇ ನೋಡುತ್ತಿದ್ದಳು, ನಂಬಲಿಲ್ಲ. ಮೂಲೆಯಲ್ಲಿದ್ದ ಕಳ್ಳಕವಟಗಿಯವಳು ಒಂದು ಮಣೂಕ ಬಾಯಿಗೆ ಹಾಕಿಕೊಂಡಳು. ನಾನು ಬಾಗಿಲು ಮುಚ್ಚಿ ಬಂದು, ಮತ್ತೊಮ್ಮೆ ಮೊದಲಿನಿಂದ ಹೇಳಲು ಕೂತೆ.